ವೇಳಾಪುರ, ಪಟ್ಟಣ, ಘಟಿಕಾಸ್ಥಾನ: ಗದಗ ಸೀಮೆಯ ವಿದ್ಯಾಸ್ಥಾನಗಳು ಮತ್ತು ವಣಿಕ್ಪಥದ ನೆಲೆಗಳು

ಬಂದರು ನಗರವೊಂದನ್ನು ಅಧ್ಯಯನಕ್ಕೆ ಎತ್ತಿಕೊಂಡಾಗ ಅಲ್ಲಿನ ಧಕ್ಕೆ, ಸುಂಕದ ಕಟ್ಟೆ, ದೀಪಸ್ತಂಭ, ಉಗ್ರಾಣ, ದೇವಾಲಯ, ಮಸೀದಿಗಳ ಜೊತೆಗೆ ಕಡಲಿಗೆ ಸಂಬಂಧಿಸಿದ ವಿದ್ಯೆಯನ್ನು ಕಲಿಸುವ ಸಂಸ್ಥೆಯೂ ಗಮನ ಸೆಳೆಯುತ್ತದೆ. ೧೯೬೯ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡ, ದೇಶದಲ್ಲಿಯೇ ಮೊದಲನೆಯದಾದ ಮೀನುಗಾರಿಕೆ ಕಾಲೇಜು ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನ. ವ್ಯಾಪಾರವಿರುವಲ್ಲಿ ವಿದ್ಯೆಯೂ ನೆಲೆಗೊಳ್ಳುತ್ತದೆ ಎಂಬ ಈ ಸಂಗತಿ ಕರಾವಳಿಗೆ ಮಾತ್ರ ಸೀಮಿತವಾದುದೇ ಎಂಬ ಪ್ರಶ್ನೆಯನ್ನು ಒಳನಾಡಿನ ದೃಷ್ಟಿಯಿಂದ ಕೇಳಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ. ಕಡಲಿನಿಂದ ದೂರವಿರುವ ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪರಿಸರವನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ.

ಈ ಆಯ್ಕೆಗೆ ಶಾಸನಗಳೇ ಆಧಾರ ಒದಗಿಸುತ್ತವೆ. ಮಧ್ಯಕಾಲೀನ ದಕ್ಷಿಣ ಭಾರತದ ಪ್ರಬಲ ವರ್ತಕ ಸಂಘವಾದ ಅಯ್ಯಾವೊಳೆ ಐನೂರ್ವರ ಪ್ರಶಸ್ತಿಗಳಲ್ಲಿ ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರುವತ್ತನಾಲ್ಕು ಘಟಿಕಾಸ್ಥಾನಗಳ ಉಲ್ಲೇಖ ಒಟ್ಟಿಗೇ ಬರುತ್ತದೆ. ‘ವೇಳೆ’ ಎಂದರೆ ಕಡಲ ತಡಿ. ವೇಳಾಪುರವೆಂದರೆ ಕಡಲ ತಡಿಯ ಊರು, ಅಂದರೆ ಬಂದರು. ಪಟ್ಟಣವೆಂದರೆ ವ್ಯಾಪಾರದ ಊರು. ಘಟಿಕಾಸ್ಥಾನವೆಂಬ ಮಾತು ಸಾಮಾನ್ಯವಾಗಿ ಉನ್ನತ ವಿದ್ಯಾಕೇಂದ್ರವನ್ನು ಸೂಚಿಸುತ್ತದೆ. ವರ್ತಕರ ಪ್ರಶಸ್ತಿಯಲ್ಲಿ ಅದು ಸಭೆ ಸೇರುವ ಸ್ಥಳವೆಂಬ ಅರ್ಥದಲ್ಲಿಯೂ ಬಂದಿರಬಹುದೆಂಬ ಅಭಿಪ್ರಾಯವಿದೆ. ಹದಿನೆಂಟು, ಮೂವತ್ತೆರಡು, ಅರುವತ್ತನಾಲ್ಕು ಎಂಬ ಸಂಖ್ಯೆಗಳು ಸಾಂಪ್ರದಾಯಿಕವಾದವು. ಇವನ್ನು ಎಣಿಕೆಯ ಲೆಕ್ಕವೆಂದು ಭಾವಿಸಲಾಗದು. ಆದರೂ ಬಂದರು, ಪೇಟೆ ಮತ್ತು ವಿದ್ಯಾಸ್ಥಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವ ವರ್ತಕರ ಮನೋಧರ್ಮ ಇಲ್ಲಿ ಸ್ಪಷ್ಟವಾಗಿದೆ. ಅವರ ಲೋಕದ ನಕ್ಷೆಯಲ್ಲಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಜೈನ ಸಾಹಿತ್ಯದಲ್ಲಿ ಪತ್ತನವನ್ನು ಜಲಪತ್ತನ, ಸ್ಥಲಪತ್ತನವೆಂದು ಎರಡಾಗಿ ವಿಂಗಡಿಸುವ ಕ್ರಮವಿದೆ. ಮೊದಲನೆಯದಕ್ಕೆ ಸರಕು ನೀರಿನ ಹಾದಿಯಲ್ಲಿ ಬರುತ್ತದೆ, ಎರಡನೆಯದಕ್ಕೆ ನೆಲದ ಹಾದಿಯಲ್ಲಿ ಬರುತ್ತದೆ. ಎರಡೂ ಹಾದಿಗಳು ಕೂಡುವ ಊರು ದ್ರೋಣಾಮುಖ. ಈ ವಿಂಗಡಣೆಯನ್ನು ಅನುಸರಿಸಿದರೆ ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರಗಳನ್ನು ಸ್ಥಲಪತ್ತನಗಳೆಂದು ಕರೆಯುವುದು ಯುಕ್ತವಾಗುತ್ತದೆ.

ತ್ರಿಕೂಟೇಶ್ವರ: ಕ್ರತುಕದ ವಿದ್ಯಾಸ್ಥಾನ

ಶಾಸನಗಳಲ್ಲಿ ಕ್ರತುಕವೆಂಬ ಹೆಸರಿನಿಂದ ಕಾಣಿಸಿಕೊಳ್ಳುವ ಗದಗ ಬೆಳ್ವೊಲ ಮುನ್ನೂರರಲ್ಲಿತ್ತು. ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಕೂಡಿ ‘ಎರಡರುನೂರು’ ಎನಿಸಿಕೊಂಡಿದ್ದವು. ಕಪ್ಪು ಎರೆಮಣ್ಣಿನ ಈ ನಾಡನ್ನು ರಾಷ್ಟ್ರಕೂಟರು, ಕಲ್ಯಾಣದ ಚಾಳುಕ್ಯರು, ಕಳಚುರಿಗಳು, ಸೇವುಣರು, ಹೊಯ್ಸಳರು ಒಬ್ಬರ ಬಳಿಕ ಒಬ್ಬರು ತಮ್ಮ ಕೈವಶದಲ್ಲಿ ಇಟ್ಟುಕೊಳ್ಳಲು ಹವಣಿಸಿದುದಕ್ಕೆ ಇಲ್ಲಿನ ಬೆಳೆ ಮತ್ತು ವ್ಯಾಪಾರದ ಆದಾಯವೇ ಮುಖ್ಯ ಕಾರಣ.

ಗದಗಿನ ತ್ರಿಕೂಟೇಶ್ವರ ದೇವಾಲಯದ ಗರ್ಭಗೃಹದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಇವು ಬ್ರಹ್ಮ, ವಿಷ್ಣು, ಮಹೇಶ್ವರರ ಸಂಕೇತವೆಂಬುದು ಪರಂಪರೆಯ ವಿವರಣೆ. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು ಕಲ್ಯಾಣ ಚಾಳುಕ್ಯ ಶಿಲ್ಪದ ಅತ್ಯುತ್ತಮ ಮಾದರಿಗಳಲ್ಲಿ ಸೇರಿವೆ. ವಿಗ್ರಹ ಭಗ್ನವಾಗಿದ್ದರೂ ವಿದ್ಯಾಧಿದೇವತೆಗೆ ಪ್ರತ್ಯೇಕ ಗುಡಿಯನ್ನೇ ಕಟ್ಟಿಸಿದುದು ಈ ಸ್ಥಳದ ಸ್ವರೂಪವನ್ನು ಸೂಚಿಸುತ್ತದೆ. ಇಲ್ಲಿನ ಆಚಾರ್ಯರು ಕಾಳಾಮುಖ ಶೈವ ಪರಂಪರೆಗೆ ಸೇರಿದವರು. ಸೋಮೇಶ್ವರದೇವ, ಅವನ ಶಿಷ್ಯ ವಿದ್ಯಾಭರಣದೇವ, ಅವನ ಶಿಷ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ ಎಂಬ ಗುರುಪರಂಪರೆ ಶಾಸನಗಳಿಂದ ತಿಳಿದುಬರುತ್ತದೆ. ಚಂದ್ರಭೂಷಣನಿಗೆ ಸತ್ಯವಾಕ್ಯ ಎಂಬ ಮತ್ತೊಂದು ಹೆಸರೂ ಇತ್ತು.

ಇಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ೧೧೯೧ರಲ್ಲಿ ಸೇವುಣ ಐದನೆಯ ಭಿಲ್ಲಮನು ಹಿರಿಯ ಹಂದಿಗೋಳವನ್ನು ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟನು. ಮರುವರ್ಷ, ಅಂದರೆ ೧೧೯೨ರಲ್ಲಿ, ಭಿಲ್ಲಮನ ಪಕ್ಷವನ್ನು ಸೋಲಿಸಿ ಈ ಸೀಮೆಯನ್ನು ಗೆದ್ದ ಹೊಯ್ಸಳ ಇಮ್ಮಡಿ ಬಲ್ಲಾಳನು ಲೊಕ್ಕಿಗುಂಡಿಯ ಬೀಡಿನಲ್ಲಿದ್ದಾಗ ಹೊಂಬಳಲು ಗ್ರಾಮವನ್ನು ಅದೇ ದೇವರಿಗೆ ಬಿಟ್ಟನು. ಎರಡು ದತ್ತಿಗಳನ್ನೂ ಸ್ವೀಕರಿಸಿದ ಆಚಾರ್ಯ ಒಬ್ಬನೇ, ಚಂದ್ರಭೂಷಣ ಪಂಡಿತದೇವ. ಹಿರೇಹಂದಿಗೋಳ ಮತ್ತು ಹೊಂಬಳ ಎಂಬ ಹೆಸರಿನಿಂದ ಆ ಎರಡೂ ಊರುಗಳು ಇಂದಿಗೂ ಗದಗಿನ ಸಮೀಪದಲ್ಲಿವೆ.

ಪರಸ್ಪರ ಹೋರಾಡುತ್ತಿದ್ದ ಇಬ್ಬರು ಅರಸರು ಒಂದೇ ಸ್ಥಾನವನ್ನು, ಒಬ್ಬನೇ ಆಚಾರ್ಯನನ್ನು ಗೌರವಿಸಿದುದಕ್ಕೆ ಭಕ್ತಿ ಒಂದೇ ಕಾರಣವೆನ್ನಲಾಗದು. ನಾಡನ್ನು ಗೆದ್ದವನಿಗೆ ಆ ನಾಡಿನ ಜನರ ಮನ್ನಣೆ ಬೇಕು. ಜನರು ಮನ್ನಿಸಿದ ಸ್ಥಾನಕ್ಕೆ ದತ್ತಿ ಬಿಡುವುದು ಆ ಮನ್ನಣೆಯನ್ನು ಪಡೆಯುವ ದಾರಿ. ಹೀಗೆ ದೊರೆತ ಗ್ರಾಮಗಳ ಹುಟ್ಟುವಳಿಯಿಂದ ದೇವರ ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ, ತಪೋಧನರ ಆಹಾರದಾನ ಮತ್ತು ವಿದ್ಯಾದಾನಗಳು ನಡೆಯುತ್ತಿದ್ದವು. ಅರಸುಮನೆತನ ಬದಲಾದರೂ ವಿದ್ಯಾಸ್ಥಾನ ಮುಂದುವರಿಯಲು ಈ ವ್ಯವಸ್ಥೆ ನೆರವಾಯಿತು. ಹನ್ನೆರಡನೆಯ ಶತಮಾನದ ಕೊನೆಯ ಗೊಂದಲದ ದಿನಗಳಲ್ಲಿಯೂ ಗದಗಿನ ಪಾಠಪ್ರವಚನ ಅರಸರ ಆಶ್ರಯವನ್ನು ಕಳೆದುಕೊಳ್ಳಲಿಲ್ಲ.

ಕಲಿಕೆಯ ಕ್ರಮ: ತೌಲನಿಕ ನೋಟ

ಇಂತಹ ಸ್ಥಾನಗಳಲ್ಲಿ ಏನನ್ನು ಕಲಿಸುತ್ತಿದ್ದರು, ವಿದ್ಯಾರ್ಥಿಗಳ ಜೀವನ ಹೇಗೆ ಸಾಗುತ್ತಿತ್ತು ಎಂಬುದನ್ನು ತಿಳಿಯಲು ಸಮಕಾಲೀನವಾದ ಬೇರೆ ಕೇಂದ್ರಗಳ ಶಾಸನಗಳನ್ನು ನೋಡಬೇಕು. ೯೪೫ರ ಸಾಲೋಟಗಿ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಇಪ್ಪತ್ತೇಳು ಮನೆಗಳಿದ್ದುದಾಗಿಯೂ ದೀಪದ ಎಣ್ಣೆಗೆಂದೇ ಭೂಮಿ ಮೀಸಲಾಗಿದ್ದುದಾಗಿಯೂ ಅದರಿಂದ ತಿಳಿಯುತ್ತದೆ. ೧೦೫೮ರ ನಾಗಾವಿ ಶಾಸನದ ಘಟಿಕಾಶಾಲೆಯಲ್ಲಿ ವೇದ ಓದುವ ಇನ್ನೂರು ಮಂದಿ, ಶಾಸ್ತ್ರ ಓದುವ ಸುಮಾರು ಐವತ್ತು ಮಂದಿ ವಿದ್ಯಾರ್ಥಿಗಳಿದ್ದರು. ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಅಲ್ಲಿ ಜೀವಿತ ಗೊತ್ತಾಗಿತ್ತು.

ಗದಗಿಗೆ ಹೆಚ್ಚು ಹತ್ತಿರವಾದುದು ಬಳ್ಳಿಗಾವೆಯ ಕೋಡಿಯಮಠ. ಅದೂ ಕಾಳಾಮುಖರ ಸ್ಥಾನವೇ. ೧೧೬೨ರ ಅದರ ಶಾಸನವು ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತಿದ್ದುದಾಗಿ ಹೇಳುತ್ತದೆ. ಶೈವ ಮಠದಲ್ಲಿ ಬೌದ್ಧ ದರ್ಶನದ ಪಾಠವಿದ್ದುದು ವಿಶೇಷ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನದಾನ, ರೋಗಿಗಳಿಗೆ ಔಷಧೋಪಚಾರ ಅಲ್ಲಿನ ನಿತ್ಯಕಾರ್ಯಗಳಾಗಿದ್ದವು. ತ್ರಿಕೂಟೇಶ್ವರದಲ್ಲಿ ಇದೇ ಪಠ್ಯಕ್ರಮವಿತ್ತೆಂದು ನಿರ್ಧರಿಸುವುದು ಸರಿಯಾಗದು. ಆದರೆ ಒಂದೇ ಪರಂಪರೆಗೆ ಸೇರಿದ ಎರಡು ಸ್ಥಾನಗಳ ಆದರ್ಶ ಸಮಾನವಾಗಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಇಂದಿನ ಕಾಲೇಜಿನಂತೆ ತರಗತಿ, ಪರೀಕ್ಷೆ, ಪದವಿಗಳ ಕಲ್ಪನೆಯನ್ನು ಅವುಗಳ ಮೇಲೆ ಹೇರಬಾರದು. ಪಾಠ, ವಸತಿ, ಊಟ, ಉಪಚಾರಗಳು ಒಂದೇ ಸೂರಿನಡಿ ಸೇರಿದ್ದ ವಿದ್ಯಾದಾನದ ಸ್ಥಾನಗಳು ಎಂಬುದೇ ಅವುಗಳಿಗೆ ಒಪ್ಪುವ ವಿವರಣೆ.

ಧರ್ಮವೊಳಲಿನ ತಾರಾಭಗವತಿ

ಮುಂಡರಗಿ ತಾಲೂಕಿನ ಡಂಬಳವು ಶಿಲ್ಪಾಸಕ್ತರಿಗೆ ನಕ್ಷತ್ರಾಕಾರದ ತಳವಿನ್ಯಾಸವುಳ್ಳ ದೊಡ್ಡಬಸಪ್ಪ ದೇವಾಲಯದಿಂದ ಪರಿಚಿತ. ಶಾಸನಗಳಲ್ಲಿ ಈ ಊರು ಧರ್ಮವೊಳಲು ಅಥವಾ ಧರ್ಮಪುರ. ಆರನೆಯ ವಿಕ್ರಮಾದಿತ್ಯನ ಪಿರಿಯರಸಿ ಲಕ್ಷ್ಮಾದೇವಿ ಹದಿನೆಂಟು ಅಗ್ರಹಾರಗಳ ಜೊತೆಗೆ ಈ ಊರನ್ನೂ ಆಳುತ್ತಿದ್ದ ಕಾಲದ ೧೦೯೫ರ ಶಾಸನವೊಂದು ನಮ್ಮ ವಿಷಯಕ್ಕೆ ಬಹುಮುಖ್ಯವಾದ ಆಕರವಾಗಿದೆ. ಇಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ಬಿಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಹನ್ನೊಂದನೆಯ ಶತಮಾನದ ಅಂತ್ಯದಲ್ಲಿ ಕರ್ನಾಟಕದಲ್ಲಿ ಬೌದ್ಧಧರ್ಮ ಜೀವಂತವಾಗಿತ್ತೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಉಲ್ಲೇಖಿಸುವುದು ವಾಡಿಕೆ. ಅದರ ಜೊತೆಗೆ ಇನ್ನೊಂದು ಅಂಶವನ್ನೂ ಪರಿಶೀಲಿಸಬೇಕು.

ಶಾಸನದ ಆರಂಭದ ಸ್ತುತಿಯಲ್ಲಿ ತಾರಾಭಗವತಿ ಎಂಟು ಭಯಗಳನ್ನು ಶಮನಗೊಳಿಸುವವಳೆಂದು ವಂದಿತಳಾಗಿದ್ದಾಳೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ಪಿಶಾಚಗಳ ಜೊತೆಗೆ ಕಡಲಿನ ಭಯವೂ ಆ ಎಂಟರಲ್ಲಿ ಒಂದು. ತಾರಾ ಎಂಬ ಹೆಸರಿನಲ್ಲಿಯೇ ದಾಟಿಸುವವಳು ಎಂಬ ಅರ್ಥವಿದೆ. ಬೌದ್ಧ ಜಗತ್ತಿನಾದ್ಯಂತ ಹಡಗಿನ ಪಯಣಿಗರೂ ವರ್ತಕರೂ ಮೊರೆಹೋದ ದೇವತೆ ಅವಳು. ಎಂಟು ಭಯಗಳ ಈ ಪಟ್ಟಿ ಸಾಂಪ್ರದಾಯಿಕವಾದುದು, ಡಂಬಳಕ್ಕಾಗಿ ರಚಿತವಾದುದಲ್ಲ ಎಂಬ ಆಕ್ಷೇಪ ಸಹಜ. ಆದರೂ ಘಟ್ಟದಿಂದಾಚೆಯ ಒಣನಾಡಿನ ಸೆಟ್ಟಿಗಳು ತಮ್ಮ ಊರಿನಲ್ಲಿ ನೆಲೆಗೊಳಿಸಲು ಇದೇ ದೇವತೆಯನ್ನು ಆಯ್ದುಕೊಂಡುದಕ್ಕೆ ಕಾರಣವಿರಬೇಕು. ಆ ಪಟ್ಟಿಯಲ್ಲಿರುವ ಕಳ್ಳ, ಸಂಕೋಲೆ, ಕಾಡುಮೃಗ, ಕಡಲುಗಳೆಲ್ಲವೂ ದೂರದೇಶಕ್ಕೆ ಸರಕು ಕಳುಹಿಸುವವನ ದೈನಂದಿನ ಆತಂಕಗಳೇ ಆಗಿವೆ.

ಈ ಊಹೆಗೆ ಬೇರೆಡೆಯಿಂದಲೂ ಬೆಂಬಲ ದೊರೆಯುತ್ತದೆ. ಐನೂರ್ವರ ಪ್ರಶಸ್ತಿಗಳು ಅವರನ್ನು ನೆಲದ ಹಾದಿ ಮತ್ತು ನೀರಿನ ಹಾದಿಗಳೆರಡರಲ್ಲಿಯೂ ಸಂಚರಿಸುವವರೆಂದು ಹೊಗಳುತ್ತವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾದಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರು ಬರುತ್ತದೆ. ಡಂಬಳದ ಶಾಸನಕ್ಕೂ ಅದಕ್ಕೂ ಏಳೇ ವರ್ಷಗಳ ಅಂತರ. ಡಂಬಳದ ಸೆಟ್ಟಿಗಳು ಸ್ವತಃ ಹಡಗು ಏರಿದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಡಲಾಚೆಯವರೆಗೆ ಹಬ್ಬಿದ್ದ ವರ್ತಕರ ಜಾಲವೊಂದು ಅವರ ಕಾಲದಲ್ಲಿ ಚುರುಕಾಗಿತ್ತೆಂಬುದು ಮಾತ್ರ ಸಿದ್ಧವಾಗುತ್ತದೆ. ಇಲ್ಲಿಂದ ಪಶ್ಚಿಮಕ್ಕೆ ಸಾಗಿದ ಸರಕು ಘಟ್ಟವಿಳಿದು ಗೋವೆಯ ಕದಂಬರ ಗೋಪಕಪಟ್ಟಣದಂತಹ ಬಂದರುಗಳನ್ನು ಸೇರುತ್ತಿದ್ದಿರಬೇಕು.

ಲೊಕ್ಕಿಗುಂಡಿ: ನಾಣ್ಯವೂ ಗ್ರಂಥವೂ

ಗದಗಿನಿಂದ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿ ಕಾಶಿವಿಶ್ವೇಶ್ವರ ಮತ್ತು ನನ್ನೇಶ್ವರ ಗುಡಿಗಳಿಂದಲೂ ಮುಸುಕಿನ ಬಾವಿಯಿಂದಲೂ ಪ್ರಸಿದ್ಧವಾಗಿದೆ. ಶಾಸನಗಳಲ್ಲಿ ಕಂಡುಬರುವ ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯಕ್ಕೆ ಹೆಸರು ಬಂದುದು ಇಲ್ಲಿನ ಟಂಕಸಾಲೆಯಿಂದ ಎಂಬುದು ವಿದ್ವಾಂಸರ ಅಭಿಮತ. ಊರಿನ ಹೆಸರೇ ನಾಣ್ಯಕ್ಕೆ ಅಂಟಿಕೊಳ್ಳಬೇಕಾದರೆ ಆ ಊರಿನ ತೂಕ ಮತ್ತು ಮಟ್ಟದ ಮೇಲೆ ದೂರದ ಪೇಟೆಗಳಿಗೂ ನಂಬಿಕೆಯಿರಬೇಕು. ಸ್ಥಲಪತ್ತನದ ಲಕ್ಷಣಗಳಲ್ಲಿ ಇದೂ ಒಂದು.

ಇದೇ ಊರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಮತ್ತು ರನ್ನನಿಂದ ಅಜಿತಪುರಾಣವನ್ನು ರಚಿಸುವಂತೆ ಮಾಡಿದುದು ಅವಳ ಕೀರ್ತಿಗೆ ಕಾರಣವಾದ ಸಂಗತಿಗಳು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಓಲೆ ಒದಗಿಸುವವರು, ಕಂಠದಿಂದ ಬರೆಯುವ ಲಿಪಿಕಾರರು, ತಪ್ಪು ತಿದ್ದುವ ಪಂಡಿತರು, ಕಟ್ಟು ಕಟ್ಟುವವರು ಹೀಗೆ ಅನೇಕರ ದುಡಿಮೆ ಸೇರಬೇಕು. ತಾಳೆಯೋಲೆ ಈ ಎರೆನೆಲದ ಹುಟ್ಟುವಳಿಯಲ್ಲ. ಅದೂ ಹೊರಗಿನಿಂದ ಬರಬೇಕಾದ ಸರಕು. ಗ್ರಂಥದಾನವು ಧರ್ಮಕಾರ್ಯವಾಗಿದ್ದಂತೆಯೇ ಪೇಟೆಯ ಸಾಮರ್ಥ್ಯವನ್ನು ಬೇಡುವ ಕಾರ್ಯವೂ ಆಗಿತ್ತು.

ಪುಲಿಗೆರೆ: ಸೌರಾಷ್ಟ್ರದ ಕಡಲ ತಡಿಯಿಂದ

ಲಕ್ಷ್ಮೇಶ್ವರದ ಪ್ರಾಚೀನ ಹೆಸರು ಪುಲಿಗೆರೆ. ಪಂಪನು ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡುದರಿಂದ ಈ ಊರು ಸಾಹಿತ್ಯಚರಿತ್ರೆಯಲ್ಲಿ ನೆಲೆನಿಂತಿದೆ. ಇಲ್ಲಿನ ಸೋಮೇಶ್ವರನ ಕಥೆ ಹರಿಹರನ ರಗಳೆಯಲ್ಲಿಯೂ ರಾಘವಾಂಕನ ಸೋಮನಾಥ ಚಾರಿತ್ರದಲ್ಲಿಯೂ ಬರುತ್ತದೆ. ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನು ಜೈನ ಮನೆತನದ ಪದ್ಮಾವತಿಯನ್ನು ವರಿಸಿ, ಸೌರಾಷ್ಟ್ರದ ಸೋಮನಾಥನನ್ನು ಈ ಊರಿಗೆ ತಂದನೆಂಬುದು ಅದರ ಸಾರ. ಮತಗಳ ನಡುವಿನ ಸಂಘರ್ಷದ ಕಥೆಯಾಗಿಯೇ ಇದನ್ನು ಹೆಚ್ಚಾಗಿ ಓದಲಾಗಿದೆ. ಕಾವ್ಯವನ್ನು ನೇರವಾಗಿ ಚರಿತ್ರೆಯೆಂದು ಸ್ವೀಕರಿಸಲಾಗದು. ಆದರೆ ಕಡಲ ತಡಿಯ ಸೋಮನಾಥಕ್ಕೂ ಒಳನಾಡಿನ ಪುಲಿಗೆರೆಗೂ ನಡುವೆ ವರ್ತಕನೊಬ್ಬನು ಓಡಾಡುವುದು ಕವಿಗೂ ಅವನ ಕೇಳುಗರಿಗೂ ಸಹಜವಾಗಿ ತೋರಿದೆ ಎಂಬುದು ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ಮಾಹಿತಿ.

ಅದೇ ಊರಿನ ಶಂಖಬಸದಿಯ ಹೆಸರೂ ಗಮನಿಸತಕ್ಕದ್ದು. ಶಂಖವು ತೀರ್ಥಂಕರ ನೇಮಿನಾಥನ ಲಾಂಛನ. ನೇಮಿನಾಥನ ಜೀವನಕಥೆಯ ನೆಲೆ ಸೌರಾಷ್ಟ್ರದ ದ್ವಾರಾವತಿ ಮತ್ತು ಗಿರಿನಗರ. ಒಂದೇ ಊರಿನ ಶೈವ ಗುಡಿಯೂ ಜೈನ ಬಸದಿಯೂ ಬೇರೆ ಬೇರೆ ಬಗೆಯಲ್ಲಿ ಪಶ್ಚಿಮದ ಅದೇ ಕರಾವಳಿಯತ್ತ ಬೆರಳು ಮಾಡುತ್ತವೆ.

ನೆರೆಯ ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಇದಕ್ಕಿಂತ ಈಚಿನ ಘಟ್ಟವೊಂದನ್ನು ಕಾಣಬಹುದು. ಸೂಫಿ ಮತ್ತು ಶರಣ ಪರಂಪರೆಗಳು ಕೂಡಿದ ಈ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ವಿಜಾಪುರದ ಖ್ವಾಜಾ ಅಮೀನುದ್ದೀನನೊಡನೆ ಮಠದ ಸಂಬಂಧವನ್ನು ಪರಂಪರೆ ಹೇಳುತ್ತದೆ. ಜನರ ಓಡಾಟವಿದ್ದ ಹಾದಿಯಲ್ಲಿ ವಿಚಾರಗಳೂ ಸಂಚರಿಸಿದವೆಂಬುದಕ್ಕೆ ಇದು ನಿದರ್ಶನ.

ಹತ್ತಿ, ಕುಮಟಾ ಮತ್ತು ರೈಲುದಾರಿ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಬಂಧ ಹೊಸ ರೂಪ ಪಡೆಯಿತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ, ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಎರೆನೆಲದಲ್ಲಿ ಬೆಳೆದ ಈ ದೇಶಿ ಹತ್ತಿಗೆ ಲೋಕದ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದ ರೈತನ ಊರು ಮರೆಯಾಗಿ ಹಡಗು ಏರಿದ ಊರಿನ ಹೆಸರು ಉಳಿಯಿತು. ಕುಮಟಾದಲ್ಲಿ ಹತ್ತಿ ಬೆಳೆಯುತ್ತದೆಂದು ದೂರದ ಕೊಳ್ಳುಗನು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಬಂದರಿನ ಚರಿತ್ರೆಯನ್ನು ಅದರ ಬೆನ್ನಿಗಿರುವ ನಾಡನ್ನು ಬಿಟ್ಟು ಬರೆದರೆ ಆಗುವ ಲೋಪ ಇಂತಹುದು.

೧೮೬೧ರಿಂದ ೧೮೬೫ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಲಪುವುದು ಕಡಿಮೆಯಾದಾಗ ಈ ಸೀಮೆಯ ಬೆಳೆಗೆ ಒಮ್ಮೆಲೇ ಬೇಡಿಕೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಎಂಟುನೂರು ವರ್ಷಗಳ ಹಿಂದೆ ಡಂಬಳದ ಸೆಟ್ಟಿಗಳನ್ನು ಕಾಡಿದ್ದಿರಬಹುದಾದ ಕಡಲಾಚೆಯ ಆತಂಕ ಈಗ ರೈತನ ಹೊಲದವರೆಗೂ ಬಂದಿತ್ತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ದಾರಿಗಳು ಗದಗಿನಲ್ಲಿ ಕೂಡಿದವು. ೧೮೮೮ರಲ್ಲಿ ಮುರಗಾವಿನವರೆಗಿನ ದಾರಿ ಪೂರ್ಣಗೊಂಡ ಮೇಲೆ ಹತ್ತಿ ಗಾಡಿಯ ಬದಲು ರೈಲಿನಲ್ಲಿ ಕಡಲನ್ನು ಸೇರತೊಡಗಿತು. ಕುಮಟಾ ತನ್ನ ಹಳೆಯ ಸ್ಥಾನವನ್ನು ಕಳೆದುಕೊಂಡಿತು. ಗದಗ ಜಂಕ್ಷನ್ ಆಗಿ ಬೆಳೆಯಿತು.

ವಿದ್ಯೆಯೂ ಇದೇ ಹಾದಿಯಲ್ಲಿ ಎದುರು ದಿಕ್ಕಿನಿಂದ ಬಂದಿತು. ೧೮೩೪ರಲ್ಲಿ ಮಂಗಳೂರಿನ ತೀರಕ್ಕೆ ಬಂದಿಳಿದ ಬಾಸೆಲ್ ಮಿಷನ್ ೧೮೩೭ರಲ್ಲಿ ಧಾರವಾಡವನ್ನು, ೧೮೪೧ರಲ್ಲಿ ಬೆಟಗೇರಿಯನ್ನು ತಲಪಿ ಶಾಲೆಯ ಕೆಲಸವನ್ನು ಕೈಗೊಂಡಿತು. ನೇಕಾರರ ಊರಾದ ಬೆಟಗೇರಿಯಲ್ಲಿ ಅದು ನೆಲೆಯೂರಿದುದು ಪೇಟೆ ಮತ್ತು ಪಾಠಶಾಲೆಗಳ ಹಳೆಯ ನಂಟನ್ನು ಮತ್ತೊಮ್ಮೆ ನೆನಪಿಸುತ್ತದೆ.

ಉಳಿದಿರುವುದು, ಉಳಿಯಬೇಕಾದುದು

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗದಗ ಸೀಮೆಯ ವಿದ್ಯಾಸ್ಥಾನ, ಗುಡಿ, ಬಸದಿ, ವಿಹಾರ, ಟಂಕಸಾಲೆಗಳು ಬಿಡಿಬಿಡಿಯಾಗಿ ಹುಟ್ಟಿದವುಗಳಲ್ಲ. ನೆಲದ ಹುಟ್ಟುವಳಿ ಮತ್ತು ದೂರದ ವ್ಯಾಪಾರ ಇವೆರಡೂ ಕೂಡಿ ಅವುಗಳನ್ನು ಪೋಷಿಸಿದವು. ಆ ವ್ಯಾಪಾರದ ಒಂದು ತುದಿ ಕಡಲಿನಲ್ಲಿತ್ತು. ಇದನ್ನು ಒಪ್ಪಿದರೆ, ಒಳನಾಡು ಎಂದರೆ ಲೋಕಸಂಪರ್ಕವಿಲ್ಲದ ನಾಡು ಎಂಬ ಗ್ರಹಿಕೆಯನ್ನು ಕೈಬಿಡಬೇಕಾಗುತ್ತದೆ. ಮಳೆಯ ಕೊರತೆಯ ಜಿಲ್ಲೆಯೆಂದೇ ತಮ್ಮ ನಾಡನ್ನು ಅರಿತು ಬೆಳೆಯುವ ಇಲ್ಲಿನ ವಿದ್ಯಾರ್ಥಿಗಳಿಗೆ ಈ ತಿಳಿವಳಿಕೆ ಅಗತ್ಯ.

ಇದರ ಸಾಕ್ಷ್ಯಗಳು ಸಮನಾಗಿ ಉಳಿದಿಲ್ಲ. ಕಲ್ಲಿನ ಗುಡಿಗಳು ನಿಂತಿವೆ. ಡಂಬಳದ ವಿಹಾರಗಳು ಇಂದು ನಿಂತಿಲ್ಲ. ಆ ಒಂದು ಶಾಸನ ದೊರೆಯದಿದ್ದರೆ ತಾರಾಭಗವತಿ ಈ ನಾಡಿಗೆ ಬಂದಿದ್ದಳೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಗುಡಿಯ ಅಂದವನ್ನು ಮಾತ್ರ ಮೆಚ್ಚಿ ಪಕ್ಕದಲ್ಲಿ ಬಿದ್ದ ಬರಹದ ಕಲ್ಲನ್ನು ಅಲಕ್ಷಿಸುವ ಅಭ್ಯಾಸ ಹೋಗಬೇಕು. ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಮನೆಯ ಮೆಟ್ಟಿಲಿನಲ್ಲಿ ಸೇರಿಹೋದ ಒಂದು ಕಲ್ಲು ಇಂತಹ ಇನ್ನೊಂದು ಅಧ್ಯಾಯವನ್ನು ಹೊತ್ತಿರಬಹುದು. ನಾಲ್ಕೂ ಊರುಗಳ ನೆಲೆಗಳನ್ನು ಒಂದೇ ವಣಿಕ್ಪಥದ ತಾಣಗಳೆಂದು ಪರಿಗಣಿಸಿ ಶಾಸನ, ನಾಣ್ಯ, ಹಳೆಯ ಹಾದಿ ಮತ್ತು ಕೆರೆಗಳ ಸಮಗ್ರ ಕ್ಷೇತ್ರಕಾರ್ಯ ನಡೆಯುವುದು ಅಪೇಕ್ಷಣೀಯ.

ವಿದ್ಯಾದಾನದ ಪರಂಪರೆಯಾದರೋ ಗದಗಿನಲ್ಲಿ ಬತ್ತಿಲ್ಲ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ೧೯೧೪ರಲ್ಲಿ ಆರಂಭಿಸಿ, ಅವರ ಬಳಿಕ ಪಂಡಿತ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ನಡೆಸಿಕೊಂಡು ಬಂದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಬಡ ಮಕ್ಕಳು ಇಂದಿಗೂ ಅನ್ನ, ವಸತಿ, ಸಂಗೀತ ವಿದ್ಯೆಗಳನ್ನು ಪಡೆಯುತ್ತಿದ್ದಾರೆ. ಅದರ ಹಿಂದೆ ಗ್ರಾಮದತ್ತಿಯಿಲ್ಲ. ಊರೂರಿನ ಭಕ್ತರ, ವರ್ತಕರ, ರೈತರ ಕಾಣಿಕೆಯಿದೆ. ಪಾಠವನ್ನೂ ಅನ್ನವನ್ನೂ ಬೇರ್ಪಡಿಸದ ಕೋಡಿಯಮಠದ ಆದರ್ಶ, ತ್ರಿಕೂಟೇಶ್ವರದ ವಿದ್ಯಾದಾನ ಮತ್ತು ಈ ಆಶ್ರಮದ ನಡುವೆ ನೇರವಾದ ಗುರುಪರಂಪರೆಯ ಕೊಂಡಿಯನ್ನು ಹುಡುಕಬೇಕಾಗಿಲ್ಲ. ಪೇಟೆಯ ಗಳಿಕೆಯಲ್ಲಿ ಒಂದು ಪಾಲು ವಿದ್ಯೆಗೆ ಸಲ್ಲಬೇಕೆಂಬ ಈ ನೆಲದ ನಂಬಿಕೆಯೇ ಅವುಗಳನ್ನು ಬೆಸೆದಿದೆ.